ಜೂಲು ಬಿಟ್ಟ ಸ್ವೆಟರ್: ‘ಟ್ಯಾಟಿ’ ಎಂಬ ಪದದ ಬೆನ್ನು ಹತ್ತಿ

(ತುಮಕೂರಿನ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಈ ಪುಸ್ತಕ ನೋಡಿ. ಹಿಂದೆ ಕೂತವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. ಇಂಗ್ಲಿಷ್–ಕನ್ನಡ ನಿಘಂಟು. ನಮ್ಮಪ್ಪನದು. ಬೆನ್ನಿನ ರಟ್ಟು ಕಿತ್ತು ಬಂದಾಗ ಅಪ್ಪನೇ ಮೈದಾ ಅಂಟು ಕಾಯಿಸಿ, ಖಾಕಿ ಬಟ್ಟೆಯ ಪಟ್ಟಿ ಅಂಟಿಸಿದ್ದರು. ನಾಲ್ಕೂ ಮೂಲೆ ದುಂಡಗಾಗಿವೆ. ಎಸ್ ಮತ್ತು ಟಿ ಅಕ್ಷರದ ಪುಟಗಳ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿದೆ. ಪೂರ್ತಿ ಬಿಚ್ಚಿದರೆ ಒಂದೆರಡು ಹಾಳೆ ಕೈಗೇ ಬರುತ್ತವೆ. ಅದಕ್ಕೇ ಮೆಲ್ಲಗೆ ಹಿಡಿದಿದ್ದೇನೆ.

ಇದಕ್ಕೆ ನೀವು ಏನಂತೀರಿ? ಒಂದೊಂದು ಪದ ಹೇಳಿ. ‘ಹಳೇದು.’ ಸರಿ. ‘ಸವೆದದ್ದು.’ ‘ಮಾಸಿದ್ದು.’ ಹಿಂದಿನ ಸಾಲಿನವರು ‘ಕಿತ್ತೋಗಿರೋದು’ ಅಂದರು, ಅದೂ ಸರಿ. ಇಲ್ಲಿ ಮುಂದೆ ಕೂತ ಅಮ್ಮ ‘ಲಡ್ಡಾಗಿದೆ’ ಅಂದರು. ಅರ್ಧ ನಿಮಿಷದಲ್ಲಿ ಐದು ಪದ ಬಂದವು. ಇದೇ ಪುಸ್ತಕವನ್ನು ಇಂಗ್ಲೆಂಡಿನ ಯಾರಾದರೂ ನೋಡಿದರೆ ಒಂದೇ ಪದದಲ್ಲಿ ಮುಗಿಸಬಹುದು: ‘ಟ್ಯಾಟಿ’. ಆ ಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕು ಅನ್ನೋದು ಮೂರು ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ. ಇವತ್ತು ಅದನ್ನು ನಿಮ್ಮ ಮುಂದೆ ಇಡೋಣ ಅಂತ ಬಂದೆ.

ಶುರುವಾಗಿದ್ದು ಕ್ಲಾಸಿನಲ್ಲಿ. ನಾನು ಇಂಗ್ಲಿಷ್ ಪಾಠ ಮಾಡುವವಳು. ಅನುವಾದದ ಅಭ್ಯಾಸಕ್ಕೆ ಅಂತ ಒಂದು ಇಂಗ್ಲಿಷ್ ಕಥೆಯ ಒಂದೇ ಪುಟ ಕೊಟ್ಟಿದ್ದೆ. ನಿವೃತ್ತರಾದ ಶಾಲಾ ಮೇಷ್ಟ್ರೊಬ್ಬರು ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮೈಮೇಲೆ ‘ಟ್ಯಾಟಿ ಕಾರ್ಡಿಗನ್’ ಇದೆ. ಕಾರ್ಡಿಗನ್ ಅಂದರೆ ಮುಂದೆ ಗುಂಡಿ ಇರುವ ಉಣ್ಣೆ ಸ್ವೆಟರ್. ಶಿರಾ ಕಡೆಯ ಒಬ್ಬ ಹುಡುಗಿ, ತುಂಬ ಚುರುಕು, ಹೀಗೆ ಬರೆದಳು: ‘ಹರಕು ಸ್ವೆಟರ್ ಹಾಕಿಕೊಂಡು ಒಬ್ಬ ಮುದುಕ ಕೂತಿದ್ದ.’

ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಬಸ್ ಸ್ಟ್ಯಾಂಡಿನಲ್ಲಿ ಕೈಚಾಚುವ ಒಬ್ಬ ಅಜ್ಜ. ಕಥೆಯ ಮೇಷ್ಟ್ರು ಅಂಥವರಲ್ಲ. ಅವರಿಗೆ ಪಿಂಚಣಿ ಬರುತ್ತದೆ. ಮನೆ ತುಂಬ ಪುಸ್ತಕ ಇವೆ. ಹೊಸ ಸ್ವೆಟರ್ ಕೊಳ್ಳಲು ಬೇಕಾದಷ್ಟು ದುಡ್ಡಿದೆ, ಆದರೆ ಆ ಹಳೇದೇ ಅವರಿಗೆ ಇಷ್ಟ. ನಾವು ‘ಹರಕು’ ಅಂದುಬಿಟ್ಟು ಅವರನ್ನು ಬೀದಿಗೆ ತಂದೆವು. ‘ಇದು ಸರಿಹೋಗಲ್ಲಮ್ಮ, ಬೇರೆ ಹುಡುಕು’ ಅಂದೆ. ‘ಏನು ಹಾಕಲಿ ಮೇಡಂ, ನೀವೇ ಹೇಳಿ’ ಅಂದಳು. ಆ ಹೊತ್ತಿಗೆ ನನಗೆ ಏನೂ ಹೊಳೆಯಲಿಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ, 1884ರಲ್ಲಿ. ಇಲ್ಲೇ ಪಕ್ಕದ ಗುಬ್ಬಿಯಲ್ಲಿ ನಾಟಕ ಕಂಪನಿ ಶುರುವಾದದ್ದೂ ಅದೇ ವರ್ಷ. ಬಿಎಂಶ್ರೀ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಕವಿತೆ ಕನ್ನಡಕ್ಕೆ ತರುವಾಗ ಪದದ ಎದುರಿಗೆ ಪದ ಇಡುತ್ತಾ ಹೋಗಲಿಲ್ಲ. ಕನ್ನಡದಲ್ಲಿ ಅದು ಹೇಗೆ ನಡೆದೀತು ಅಂತ ನೋಡಿದರು. ಆ ನೆಲದಲ್ಲಿ ಪಾಠ ಮಾಡುತ್ತಾ ಒಂದು ಸ್ವೆಟರಿಗೆ ಪದ ಸಿಗಲಿಲ್ಲ ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಪದದ ಹಿಂದೆ ಹೋದೆ. ‘ಟ್ಯಾಟಿ’ ಹುಟ್ಟಿದ್ದು ಬಟ್ಟೆಗಲ್ಲ, ಕೂದಲಿಗೆ. 16ನೇ ಶತಮಾನದ ಶುರುವಿನ ಸ್ಕಾಟ್ಲೆಂಡಿನ ಬರಹದಲ್ಲಿ ಅದು ಸಿಗುತ್ತದೆ. ಸಿಕ್ಕುಗಟ್ಟಿದ, ಬಾಚಣಿಗೆ ಇಳಿಯದ ತಲೆಗೂದಲು ಟ್ಯಾಟಿ. ಪ್ರಾಣಿಯ ಮೈಮೇಲೆ ಜಡೆಗಟ್ಟಿದ ರೋಮವೂ ಟ್ಯಾಟಿ. ಅದಕ್ಕೂ ಹಿಂದೆ, ಹಳೆಯ ಇಂಗ್ಲಿಷ್‌ನಲ್ಲಿ, ಚಿಂದಿ ಎನ್ನುವ ಅರ್ಥದ ಒಂದು ಪದವಿತ್ತು. ಇದು ಅದರ ನೆಂಟನೇ ಇರಬೇಕು ಅಂತ ನಿಘಂಟು ಮಾಡುವವರು ಹೇಳುತ್ತಾರೆ. ‘ಟ್ಯಾಟರ್’ ಅಂತ ಇನ್ನೊಂದು ಪದ ನೀವು ಕೇಳಿರುತ್ತೀರಿ, ಹರಿದು ಜೋತಾಡುವ ಚೂರು ಅಂತ. ಅದು ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದದ್ದು. ಅಲ್ಲಿನ ಹಳೆಯ ಭಾಷೆಯಲ್ಲೂ ಅದಕ್ಕೆ ಚಿಂದಿ ಅಂತಲೇ ಅರ್ಥ. ಇವತ್ತಿನ ಅರ್ಥ, ಹಳತಾಗಿ ಅಂದಗೆಟ್ಟದ್ದು ಅನ್ನೋದು, ಬರಹದಲ್ಲಿ ಕಾಣಿಸಿಕೊಳ್ಳೋದು 1930ರ ದಶಕದಲ್ಲಿ. ಅಂದರೆ ಸುಮಾರು 400 ವರ್ಷ ಕೂದಲಿನಲ್ಲಿದ್ದ ಪದ ಆಮೇಲೆ ಪರದೆಗೆ, ಕಾರ್ಪೆಟ್ಟಿಗೆ, ಪುಸ್ತಕಕ್ಕೆ, ಸೋಫಾಕ್ಕೆ ಹತ್ತಿತು. ಈಗ ಇಡೀ ಹೋಟೆಲನ್ನೇ ಟ್ಯಾಟಿ ಅಂತಾರೆ. ಬ್ರಿಟನ್ನಿನಲ್ಲಿ ಇದರ ಬಳಕೆ ಜಾಸ್ತಿ.

ಇದನ್ನೆಲ್ಲ ಓದಿದ ವಾರ ಊರಿಗೆ ಹೋಗಿದ್ದೆ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಕಾಲೊರಸು ಕೊಡವುತ್ತಿದ್ದರು. ಹಳೇ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹೊಲಿದ ಕಾಲೊರಸು. ಒಂದು ಅಂಚಿನಲ್ಲಿ ಹೊಲಿಗೆ ಬಿಟ್ಟು ಎಳೆಗಳು ಬೆರಳುದ್ದ ಜೋತಾಡುತ್ತಿದ್ದವು. ನಾಲ್ಕೈದು ಎಳೆ ಒಂದಕ್ಕೊಂದು ಸುತ್ತಿಕೊಂಡು ಗಂಟಾಗಿದ್ದವು. ಆ ಗಂಟಿನಲ್ಲಿ ರಾಗಿ ಹೊಟ್ಟು, ಒಂದು ತೆಂಗಿನ ನಾರು ಸಿಕ್ಕಿಕೊಂಡಿತ್ತು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಇನ್ನೂ ಚೆನ್ನಾಗೇ ಇದೆ ಕಣೇ, ಅಂಚು ಮಾತ್ರ ಜೂಲು ಜೂಲಾಗಿದೆ’ ಅಂದರು.

ನಾನು ಅಲ್ಲೇ ನಿಂತುಬಿಟ್ಟೆ. ಜೂಲು! ಚಿಕ್ಕವರಿದ್ದಾಗಿನಿಂದ ನಾವೆಲ್ಲ ‘ಜೂಲುನಾಯಿ’ ಅನ್ನಲ್ವಾ? ಮೈತುಂಬ ಉದ್ದ ಕೂದಲು ಇಳಿಬಿದ್ದು, ಕಣ್ಣೂ ಕಾಣದ ಹಾಗೆ ಮುಚ್ಚಿಕೊಂಡ ನಾಯಿ. ಅದೇ ಪದ ಸೆರಗಿಗೂ ಬರುತ್ತದೆ, ಟವೆಲಿಗೂ ಬರುತ್ತದೆ, ಕಾಲೊರಸಿಗೂ ಬರುತ್ತದೆ. ‘ಸೆರಗು ಜೂಲು ಬಿಟ್ಟಿದೆ’ ಅಂತೀವಿ. ಸ್ಕಾಟ್ಲೆಂಡಿನ ಕುರಿ ಕಾಯುವವನೂ ನಮ್ಮ ಹಿತ್ತಿಲಿನ ಅಮ್ಮನೂ ಒಂದೇ ಥರ ನೋಡಿದ್ದಾರೆ. ಸಿಕ್ಕಾದ ಕೂದಲನ್ನು ನೋಡಿದ ಕಣ್ಣಿಗೆ ಎಳೆ ಬಿಟ್ಟ ಬಟ್ಟೆಯೂ ಹಾಗೇ ಕಂಡಿದೆ. ಒಬ್ಬರ ಮಾತು ಒಬ್ಬರ ಕಿವಿಗೆ ಬಿದ್ದಿಲ್ಲ. ಆದರೂ ಎರಡು ಕಡೆಯೂ ಕೂದಲಿನ ಪದ ಬಟ್ಟೆಗೆ ಇಳಿದಿದೆ. ಇಂಥದ್ದು ಸಿಕ್ಕಿದಾಗ ನನಗಾಗುವ ಸಂತೋಷ ಹೇಳಿ ಮುಗಿಯಲ್ಲ.

ಇನ್ನೊಂದನ್ನೂ ಗಮನಿಸಿ. ಅಮ್ಮ ‘ಇನ್ನೂ ಚೆನ್ನಾಗೇ ಇದೆ’ ಅಂತ ಮೊದಲು ಹೇಳಿ ಆಮೇಲೆ ಜೂಲಿನ ಮಾತಾಡಿದರು. ಜೂಲು ಬಿಟ್ಟದ್ದು ಬಿಸಾಕಬೇಕಾದದ್ದಲ್ಲ. ಅಂಚು ಮಡಿಸಿ ಹೊಲಿದರೆ ಇನ್ನೂ ಒಂದು ವರ್ಷ ಬಾಳುತ್ತದೆ. ನನ್ನ ಮೇಷ್ಟ್ರ ಸ್ವೆಟರಿಗೂ ಇದೇ ಬೇಕಿತ್ತು.

ಹಾಗಂತ ಟ್ಯಾಟಿ ಬಂದಲ್ಲೆಲ್ಲ ಜೂಲು ಹಾಕೋಕಾಗಲ್ಲ. ಈ ನಿಘಂಟಿಗೆ ಜೂಲು ಎಲ್ಲಿದೆ? ಪುಸ್ತಕಕ್ಕೆ ಅದು ಒಗ್ಗಲ್ಲ, ಹೋಟೆಲಿಗಂತೂ ಇಲ್ಲವೇ ಇಲ್ಲ. ಇಲ್ಲೇ ನನಗೆ ಎರಡು ಭಾಷೆಯ ನಡಿಗೆ ಬೇರೆ ಅಂತ ಗೊತ್ತಾಗಿದ್ದು. ಟ್ಯಾಟಿ ಅನ್ನೋದು ನೋಡುವವರ ಪದ. ದೂರದಿಂದ ನೋಡಿ, ‘ಅಂದವಾಗಿಲ್ಲ’ ಅಂತ ಹೇಳುತ್ತದೆ. ಹೇಗೆ ಹಾಗಾಯ್ತು ಅಂತ ಹೇಳಲ್ಲ. ನಾವು ಬಳಸುವ ಪದಗಳು ಹೆಚ್ಚಿನಂಶ ಕ್ರಿಯೆಯಿಂದ ಹುಟ್ಟಿದವು. ವಸ್ತುವಿಗೆ ಏನಾಯ್ತು ಅಂತ ಹೇಳುತ್ತವೆ.

ನೀವೇ ಹೇಳಿದ ಪದಗಳನ್ನು ತಗೊಳ್ಳಿ. ಸವೆಯೋದು ಅಂದರೆ ಉಜ್ಜಿ ಉಜ್ಜಿ ಕಡಿಮೆಯಾಗೋದು. ಚಪ್ಪಲಿ ಸವೆಯುತ್ತದೆ, ಒಳಕಲ್ಲು ಸವೆಯುತ್ತದೆ, ಬೆಟ್ಟದ ದೇವಸ್ಥಾನದ ಮೆಟ್ಟಿಲು ಸವೆಯುತ್ತದೆ. ಆ ಪದ ಹೇಳಿದ ತಕ್ಷಣ ಎಷ್ಟು ಜನರ ಕಾಲು, ಎಷ್ಟು ವರ್ಷ ಅನ್ನೋದು ಅದರೊಳಗೇ ಬಂತು. ಪಿಸಿಯೋದು ಬೇರೆ. ಸೀರೆ ಗಟ್ಟಿಯಾಗೇ ಕಾಣುತ್ತದೆ, ಸೊಂಟದ ಹತ್ತಿರ ಎಳೆದರೆ ಎಳೆ ಎಳೆ ಸರಿದು ಬಾಯಿ ಬಿಡುತ್ತದೆ. ಅದು ಪಿಸಿದದ್ದು. ರೇಷ್ಮೆ ಸೀರೆ ಇಟ್ಟುಕೊಂಡವರಿಗೆ ಈ ಸಂಕಟ ಗೊತ್ತು. ನವೆಯೋದು ಅಂದರೆ ಒಗೆದು ಒಗೆದು ತೆಳ್ಳಗಾಗೋದು. ನವೆದ ಪಂಚೆಯನ್ನು ಬಿಸಿಲಿಗೆ ಹರವಿದರೆ ಆ ಕಡೆಯ ಗಿಡ ಕಾಣುತ್ತದೆ. ಲಡ್ಡಾಗೋದು ಅಂದರೆ ಒಳಗಿನ ಸತ್ವವೇ ಹೋಗೋದು. ಹೊರಗೆ ನೋಡಿದರೆ ಸರಿಯಾಗಿದೆ, ಮುಟ್ಟಿದರೆ ಪುಡಿ. ಒಂದು ವಸ್ತುವಿನ ಮುಪ್ಪಿನಲ್ಲಿ ಇಷ್ಟು ಬಗೆ ಇದೆ ಅಂತ ಗುರುತಿಸಿದವರು ಯಾರು? ಬಟ್ಟೆ ಒಗೆದವರು, ಹೊಲಿದವರು, ಗಂಟು ಕಟ್ಟಿ ಇಟ್ಟವರು.

ಇವುಗಳಲ್ಲಿ ನನಗೆ ತುಂಬ ಹತ್ತಿರದ ಪದ ಮಾಸೋದು. ಬಣ್ಣ ಮಾಸುತ್ತದೆ. ಬಟ್ಟೆ ಮಾಸುತ್ತದೆ, ಅಂದರೆ ಕೊಳೆಯಾಗುತ್ತದೆ. ನೆನಪು ಮಾಸುತ್ತದೆ. ಗಾಯವೂ ಮಾಸುತ್ತದೆ, ಅಂದರೆ ವಾಸಿಯಾಗುತ್ತದೆ. ಕಳೆದುಕೊಳ್ಳೋದಕ್ಕೂ ಗುಣವಾಗೋದಕ್ಕೂ ಒಂದೇ ಪದ. ಇಂಗ್ಲಿಷ್‌ನ ಟ್ಯಾಟಿ ಎಷ್ಟೇ ತಿರುಗಿದರೂ ಈ ಕಡೆಗೆ ಬರಲ್ಲ. ಟ್ಯಾಟಿ ನೆನಪು ಅಂತ ಯಾರೂ ಹೇಳಲ್ಲ.

ಜೇಬಿನಲ್ಲಿರುವ 10 ರೂಪಾಯಿ ನೋಟು ತೆಗೆಯಿರಿ. ಬಸ್ಸಿನಲ್ಲಿ ಕೊಟ್ಟರೆ ಕಂಡಕ್ಟರ್ ಒಮ್ಮೆ ತಿರುಗಿಸಿ ನೋಡುತ್ತಾರಲ್ಲ, ಅಂಥದ್ದು. ರಿಸರ್ವ್ ಬ್ಯಾಂಕ್ 1999ರಲ್ಲಿ ಸ್ವಚ್ಛ ನೋಟಿನ ನೀತಿ ತಂದಿತು. ಬ್ಯಾಂಕಿನ ಲೆಕ್ಕದಲ್ಲಿ ಎರಡು ಜಾತಿ ಇದೆ. ದಿನಬಳಕೆಯಲ್ಲಿ ಕೊಳೆಯಾಗಿ ಮೆತ್ತಗಾದದ್ದು ‘ಸಾಯ್ಲ್ಡ್’. ಎರಡು ತುಂಡಾಗಿ, ಎರಡೂ ತುಂಡು ಅದೇ ನೋಟಿನದಾಗಿದ್ದು, ಅಂಟಿಸಿದ್ದರೆ ಅದೂ ಸಾಯ್ಲ್ಡ್. ಒಂದು ಭಾಗ ಕಳೆದುಹೋಗಿದ್ದರೆ, ಇಲ್ಲವೇ ಎರಡಕ್ಕಿಂತ ಜಾಸ್ತಿ ತುಂಡಾಗಿದ್ದರೆ ಅದು ‘ಮ್ಯುಟಿಲೇಟೆಡ್’. ಟ್ಯಾಟಿ ಅನ್ನೋದು ಬ್ಯಾಂಕಿಗೆ ಉಪಯೋಗಕ್ಕೆ ಬರಲ್ಲ, ಯಾಕೆಂದರೆ ಬ್ಯಾಂಕಿಗೆ ನೋಟಿಗೆ ಏನಾಗಿದೆ ಅನ್ನೋದು ಬೇಕು. ನಮ್ಮ ಮಂಡಿಪೇಟೆಯ ಅಂಗಡಿಯಲ್ಲಿ ಕೂತವರು ಇದೇ ವಿಂಗಡಣೆಯನ್ನು ಎರಡು ಪದದಲ್ಲಿ ಮಾಡುತ್ತಾರೆ. ‘ಮಾಸಿದೆ, ಪರವಾಗಿಲ್ಲ ಕೊಡಿ.’ ‘ಹರಿದಿದೆ, ಬೇರೆ ಕೊಡಿ.’

ಈಗ ಟ್ಯಾಟಿಯ ಎರಡನೇ ಅರ್ಥ. ಹೊಚ್ಚ ಹೊಸದೂ ಟ್ಯಾಟಿ ಆಗಬಹುದು! ಮೊದಲು ಕೇಳಿದಾಗ ನನಗೂ ಆಶ್ಚರ್ಯ ಆಯ್ತು. ಪ್ರವಾಸಿ ಜಾಗದಲ್ಲಿ ಮಾರುವ ಥಳಥಳ ಸಾಮಾನು, ಎರಡು ದಿನದಲ್ಲಿ ಬಣ್ಣ ಬಿಡುವ ಉಂಗುರ, ಇವನ್ನು ಇಂಗ್ಲಿಷ್‌ನವರು ‘ಟ್ಯಾಟ್’ ಅಂತಾರೆ. ಅಂಥ ಅಂಗಡಿಯನ್ನು, ಅಂಥ ಅಲಂಕಾರವನ್ನು ಟ್ಯಾಟಿ ಅಂತಾರೆ. ಇಲ್ಲಿ ಹಳತು ಅನ್ನೋದು ಇಲ್ಲ, ಅಗ್ಗ ಅನ್ನೋದು ಮಾತ್ರ ಉಳಿದಿದೆ. ಕನ್ನಡದಲ್ಲಿ ಇದಕ್ಕೆ ‘ಕಳಪೆ’ ಅನ್ನಬಹುದು, ಆದರೆ ಆ ಥಳಥಳ ಬರಲ್ಲ. ‘ಬೇಗಡೆ’ ಅಂತ ಒಂದು ಒಳ್ಳೆಯ ಪದ ಇದೆ. ನಾಟಕದ ಕಿರೀಟಕ್ಕೆ, ಗೊಂಬೆಗೆ ಅಂಟಿಸುವ ಹೊಳೆಯುವ ತೆಳು ಹಾಳೆ. ‘ಕಾಗೆ ಬಂಗಾರ’ ಅನ್ನೋದೂ ಇದೆ. ಇವೆರಡನ್ನೂ ನಮ್ಮ ಮಕ್ಕಳ ಬಾಯಿಗೆ ಮತ್ತೆ ಕೊಡಬೇಕು ಅನ್ನೋದು ನನ್ನ ಆಸೆ.

ಇದರ ಪಕ್ಕದ ಮನೆಯ ಪದ ‘ಟಾಡ್ರಿ’. ಅದರ ಕಥೆ ಹೇಳದೆ ಮುಂದೆ ಹೋಗಲಾರೆ. 7ನೇ ಶತಮಾನದಲ್ಲಿ ಇಂಗ್ಲೆಂಡಿನ ಈಲಿ ಎಂಬಲ್ಲಿ ಮಠ ಕಟ್ಟಿದ ಒಬ್ಬ ರಾಣಿ ಇದ್ದರು, ಆಡ್ರಿ ಅಂತ ಜನ ಕರೆಯುತ್ತಿದ್ದರು. 679ರಲ್ಲಿ ಕುತ್ತಿಗೆಯ ಗಡ್ಡೆಯಿಂದ ತೀರಿಕೊಂಡರು. ಚಿಕ್ಕಂದಿನಲ್ಲಿ ಕಂಠೀಹಾರದ ಮೇಲೆ ಆಸೆ ಪಟ್ಟಿದ್ದಕ್ಕೇ ಇದು ಬಂತು ಅಂತ ಅವರೇ ಅಂದುಕೊಂಡಿದ್ದರಂತೆ. ಆಮೇಲೆ ಅವರು ಸಂತರಾದರು. ಅವರ ಹೆಸರಿನಲ್ಲಿ ಈಲಿಯಲ್ಲಿ ಜಾತ್ರೆ ನಡೆಯಿತು. ಜಾತ್ರೆಯಲ್ಲಿ ಕುತ್ತಿಗೆಗೆ ಕಟ್ಟುವ ಲೇಸು ಮಾರುತ್ತಿದ್ದರು. ‘ಸೇಂಟ್ ಆಡ್ರಿ ಲೇಸ್’ ಅನ್ನೋದು ಬಾಯಿಂದ ಬಾಯಿಗೆ ಹೋಗಿ ‘ಟಾಡ್ರಿ ಲೇಸ್’ ಆಯ್ತು. ಬರಬರುತ್ತಾ ಆ ಲೇಸು ಅಗ್ಗದ್ದಾಯ್ತು, ಪದವೂ ಅಗ್ಗದ್ದಾಯ್ತು. ನಮ್ಮ ಸಿದ್ಧಗಂಗೆಯ ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ನಿಂತ ಹೆಣ್ಣುಮಕ್ಕಳ ಮುಖ ನೆನಪು ಮಾಡಿಕೊಳ್ಳಿ. ಅವರ ಕಣ್ಣಿಗೆ ಅದು ಅಗ್ಗದ ಸಾಮಾನಲ್ಲ. ವರ್ಷಕ್ಕೊಮ್ಮೆ ಸಿಗುವ ಹಬ್ಬ. ‘ಟಾಡ್ರಿ’ ಅಂದವರು ಜಾತ್ರೆಗೆ ಹೋಗಿ ಕೊಂಡವರಲ್ಲ, ಕೊಂಡವರನ್ನು ನೋಡಿದವರು.

ಇನ್ನು ಒಂದು ಟ್ಯಾಟಿ ಇದೆ. ಅದು ನಮ್ಮದೇ. ಇನ್ನೊಂದು ವರ್ಷ ಕ್ಲಾಸಿನಲ್ಲಿ ಬ್ರಿಟಿಷರ ಕಾಲದ ಪತ್ರದ ಧಾಟಿಯಲ್ಲಿದ್ದ ಒಂದು ಸಾಲು ಬಂತು. ಬೇಸಿಗೆಯಲ್ಲಿ ಆಳುಗಳು ದಿನವಿಡೀ ‘ಟ್ಯಾಟಿ’ಗಳಿಗೆ ನೀರು ಎರಚುತ್ತಿದ್ದರು ಅಂತ ಸಾಲು. ಒಬ್ಬ ಹುಡುಗ ‘ಹರಕು ಬಟ್ಟೆಗಳಿಗೆ ನೀರು ಎರಚುತ್ತಿದ್ದರು’ ಅಂತ ಬರೆದ. ಇನ್ನೊಬ್ಬ ಮೊಬೈಲಿನಲ್ಲಿ ಹುಡುಕಿ ‘ಆಲೂಗಡ್ಡೆಗಳಿಗೆ’ ಅಂತ ಬರೆದ. ಅವನದೂ ಸುಳ್ಳಲ್ಲ. ಸ್ಕಾಟ್ಲೆಂಡಿನಲ್ಲಿ ಆಲೂಗಡ್ಡೆಗೆ ಟ್ಯಾಟಿ ಅಂತಲೇ ಹೇಳೋದು. ಪಾವಗಡದ ಕಡೆಯ ಒಬ್ಬ ಹುಡುಗ ಮಾತ್ರ ಎದ್ದು ನಿಂತು, ‘ಮೇಡಂ, ಇದು ನಮ್ಮ ತಟ್ಟಿ ಅಲ್ವಾ?’ ಅಂದ.

ಹೌದು, ತಟ್ಟಿಯೇ. ಹಿಂದಿಯ ‘ಟಟ್ಟಿ’ ಇಂಗ್ಲಿಷಿನವರ ಬಾಯಲ್ಲಿ ಟ್ಯಾಟಿ ಆಯ್ತು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸೇರಿ 1886ರಲ್ಲಿ ತಂದ ಆಂಗ್ಲೋ ಇಂಡಿಯನ್ ಪದಗಳ ನಿಘಂಟು ‘ಹಾಬ್ಸನ್ ಜಾಬ್ಸನ್’ನಲ್ಲಿ ಈ ಪದಕ್ಕೆ ಜಾಗ ಇದೆ. ಲಾವಂಚದ ಬೇರಿನಿಂದ ಮಾಡಿ ಬಾಗಿಲು ಕಿಟಕಿಗೆ ಕಟ್ಟಿದ ಪರದೆ. ಅದಕ್ಕೆ ನೀರು ಎರಚಿ ಒದ್ದೆ ಇಟ್ಟರೆ, ಹೊರಗಿನ ಬಿಸಿ ಗಾಳಿ ಅದರ ಮೂಲಕ ಬರುವಾಗ ನೀರು ಆವಿಯಾಗಿ ಗಾಳಿ ತಣ್ಣಗಾಗುತ್ತದೆ. ಜೊತೆಗೆ ಲಾವಂಚದ ಘಮ. ಒಣ ಗಾಳಿ ಜೋರಾಗಿ ಬೀಸುತ್ತಿದ್ದರೆ ಮಾತ್ರ ಇದು ಕೆಲಸ ಮಾಡೋದು. ಹಾಗಾಗಿ ಮಂಗಳೂರಿನ ಸೆಕೆಗೆ ಇದು ಪ್ರಯೋಜನವಿಲ್ಲ, ಪಾವಗಡಕ್ಕೆ ಸರಿ. 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ಸೀಮೆ ಅದು. ಅಲ್ಲಿನ ಬಿಸಿಲಿನಲ್ಲಿ ಬೆಳೆದ ಹುಡುಗನಿಗೆ ಆ ಸಾಲು ಅರ್ಥವಾದದ್ದು ಸುಮ್ನೆ ಅಲ್ಲ.

ನಮ್ಮ ಕಡೆ ತಟ್ಟಿ ಅಂದರೆ ಬಿದಿರಿನದು, ತೆಂಗಿನ ಗರಿಯದು. ಹಿತ್ತಿಲಲ್ಲಿ ಸ್ನಾನಕ್ಕೆ ಮರೆಯಾಗಿ ತಟ್ಟಿ ಕಟ್ಟುತ್ತಿದ್ದರು. ಗರಿಯನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಎಲೆಗಳನ್ನು ಒಂದರ ಮೇಲೊಂದು ಹಾಯಿಸಿ ಹೆಣೆಯೋದು. ಹೊಸದಾಗಿದ್ದಾಗ ಹಸಿರು, ತಿಂಗಳಲ್ಲಿ ಕಂದು. ಎರಡು ಮಳೆಗಾಲ ಕಂಡ ಮೇಲೆ ತುದಿ ಮುರಿದು, ನಾರು ಎದ್ದು, ನಿಜಕ್ಕೂ ಟ್ಯಾಟಿ ಆಗುತ್ತಿತ್ತು. ಎರಡು ಪದಕ್ಕೂ ಒಂದೇ ಸದ್ದು, ಸಂಬಂಧ ಮಾತ್ರ ಏನೇನೂ ಇಲ್ಲ. ಒಂದು ಸ್ಕಾಟ್ಲೆಂಡಿನ ಸಿಕ್ಕು ಕೂದಲಿನಿಂದ ಬಂದದ್ದು, ಇನ್ನೊಂದು ಇಲ್ಲಿನ ಮರೆಯಿಂದ ಹೋದದ್ದು. ನಿಘಂಟು ನೋಡುವಾಗ ಮೊದಲು ಸಿಕ್ಕ ಅರ್ಥಕ್ಕೇ ನಿಲ್ಲಬೇಡಿ ಅಂತ ಮಕ್ಕಳಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಹಳೇ ಬಟ್ಟೆಗೆ ಇಂಗ್ಲಿಷ್‌ನಲ್ಲಿ ಹೇಳುವ ಇನ್ನೆರಡು ಪದ ನೋಡೋಣ. ಮೊದಲನೇದು ‘ತ್ರೆಡ್‌ಬೇರ್’, ಅದರ ಬಗ್ಗೆ ಎರಡು ಮಾತು ಸಾಕು. ಮೇಲಿನ ನವಿರು ಹೋಗಿ ನೂಲು ಕಾಣುವ ಬಟ್ಟೆ ಅಂತ ಅರ್ಥ. ಹೇಳಿ ಹೇಳಿ ಸತ್ವ ಕಳೆದುಕೊಂಡ ವಾದಕ್ಕೂ ಅದನ್ನೇ ಹೇಳುತ್ತಾರೆ. ನಮ್ಮಲ್ಲಿ ಅದು ನಾಣ್ಯದಿಂದ ಬಂದಿದೆ: ಸವಕಲು ನಾಣ್ಯ, ಸವಕಲು ಮಾತು. ಮೇಲಿನ ಅಚ್ಚು ಅಳಿಸಿಹೋದದ್ದು. ಅನುವಾದದಲ್ಲಿ ಇಲ್ಲಿ ತೊಂದರೆಯೇ ಇಲ್ಲ.

‘ಶ್ಯಾಬಿ’ ಹಾಗಲ್ಲ. ಈ ಪದದ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಈ ನಿಘಂಟು ತಂದದ್ದೇ ಅದಕ್ಕೆ.

ಶ್ಯಾಬಿ 17ನೇ ಶತಮಾನದ ಎರಡನೇ ಅರ್ಧದ ಪದ. ‘ಶ್ಯಾಬ್’ ಅಂದರೆ ಹಕ್ಕಳೆ. ಹುಣ್ಣು, ಕಜ್ಜಿ ಒಣಗಿದ ಮೇಲೆ ಕಟ್ಟುವ ಹಕ್ಕಳೆ. ಇವತ್ತಿನ ಇಂಗ್ಲಿಷ್‌ನ ‘ಸ್ಕ್ಯಾಬ್’ ಅದರ ಒಡಹುಟ್ಟು. ನಾವು ಸುಣ್ಣ ಎದ್ದ ಗೋಡೆಗೆ ‘ಹಕ್ಕಳೆ ಎದ್ದಿದೆ’ ಅಂತೀವಲ್ಲ, ಆ ಚಿತ್ರ ಅವರಿಗೂ ಇದೆ. ಆದರೆ ಇಂಗ್ಲಿಷ್‌ನಲ್ಲಿ ಅದು ಗೋಡೆಗೆ, ಬಟ್ಟೆಗೆ ನಿಲ್ಲಲಿಲ್ಲ. ಮನುಷ್ಯರ ನಡತೆಗೆ ಹೋಯ್ತು. ಯಾರಿಗಾದರೂ ಅಲ್ಪತನದಿಂದ ನಡೆದುಕೊಂಡರೆ ಅದೂ ಶ್ಯಾಬಿ. ಬಟ್ಟೆಯ ಅರ್ಥ, ನಡತೆಯ ಅರ್ಥ ಎರಡೂ ಅದೇ ಕಾಲದಲ್ಲಿ, ಹೆಚ್ಚು ಕಡಿಮೆ ಒಟ್ಟಿಗೇ ಬೆಳೆದವು.

ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಶಾಲೆಗೆ ಹಾಕುವ ಬಿಳಿ ಷರ್ಟು ಎರಡೇ. ಷರ್ಟಿನಲ್ಲಿ ಮೊದಲು ಸವೆಯೋದು ಕಾಲರ್, ಕುತ್ತಿಗೆ ಉಜ್ಜುವ ಮಡಿಕೆಯಲ್ಲಿ. ಮಡಿಕೆ ಉದ್ದಕ್ಕೂ ಎಳೆ ಏಳುತ್ತದೆ, ಆಮೇಲೆ ಅಲ್ಲಲ್ಲಿ ಬಿರುಕು ಬಿಟ್ಟು ಒಳಗಿನ ಗಟ್ಟಿ ಬಟ್ಟೆ ಕಾಣುತ್ತದೆ. ಆಗ ಅಪ್ಪ ಷರ್ಟು ತಗೊಂಡು ಪೇಟೆಯ ದರ್ಜಿ ಹತ್ತಿರ ಹೋಗುತ್ತಿದ್ದರು. ಅವರು ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿ, ಕಾಲರ್ ತಿರುಗಿಸಿ, ಒಳಮುಖ ಹೊರಗೆ ಮಾಡಿ ಮತ್ತೆ ಹೊಲಿದು ಕೊಡುತ್ತಿದ್ದರು. ಷರ್ಟಿಗೆ ಇನ್ನೆರಡು ವರ್ಷ ಆಯುಸ್ಸು. ಕಾಲರಿನ ಒಳಮುಖ ಬಿಸಿಲು ಕಾಣದ್ದರಿಂದ ಷರ್ಟಿಗಿಂತ ಒಂದು ಪಟ್ಟು ಬೆಳ್ಳಗಿರುತ್ತಿತ್ತು. ಹತ್ತಿರದಿಂದ ನೋಡಿದವರಿಗೆ ಗೊತ್ತಾಗುತ್ತಿತ್ತು.

ಒಂದು ದಿನ ಶಾಲೆಗೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮಕ್ಕಳ ಮುಂದೆಯೇ, ‘ವಾಟ್ ಮಾಸ್ಟರ್, ಸೋ ಶ್ಯಾಬಿ’ ಅಂದರಂತೆ. ಅಪ್ಪನಿಗೆ ಇಂಗ್ಲಿಷ್ ಓದೋಕೆ ಬರುತ್ತಿತ್ತು, ಆದರೆ ಈ ಪದ ಗೊತ್ತಿರಲಿಲ್ಲ. ಮನೆಗೆ ಬಂದು ನನ್ನನ್ನು ಕೇಳಿದರು. ನಾನಾಗ ಹೈಸ್ಕೂಲು. ಇದೇ ನಿಘಂಟು ತೆಗೆದೆ. ‘ಹಳೆಯ, ಮಾಸಿದ’ ಅಂತ ಮೊದಲು ಇತ್ತು. ಅದರ ಮುಂದೆ ‘ಹೀನ, ನೀಚ’ ಅಂತ ಇತ್ತು. ನಾನು ‘ಹಳೇದು ಅಂತ ಅಪ್ಪಾ’ ಅಂದು ಮುಚ್ಚಿದೆ. ಅವರು ಪುಸ್ತಕ ತಗೊಂಡು, ಕನ್ನಡಕ ಹಾಕಿಕೊಂಡು, ತಾವೇ ಓದಿದರು. ತುಂಬ ಹೊತ್ತು ಆ ಪುಟದಲ್ಲೇ ಇದ್ದರು. ಆಮೇಲೆ ಕೇಳಿದರು: ‘ಬಟ್ಟೆಗೆ ಹೇಳಿದ್ದೋ ಪುಟ್ಟಿ, ನನಗೆ ಹೇಳಿದ್ದೋ?’

ಇಷ್ಟು ವರ್ಷ ಭಾಷೆ ಕಲಿಸಿದ ಮೇಲೂ ಶ್ಯಾಬಿ ಎಂಬ ಪದದ ಬಗ್ಗೆ ಅಷ್ಟು ಸರಿಯಾದ ಪ್ರಶ್ನೆಯನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಆ ಪದದಲ್ಲಿ ಬಟ್ಟೆ ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಶುರುವಾಗುತ್ತಾನೆ ಅನ್ನೋದಕ್ಕೆ ಗೆರೆ ಇಲ್ಲ. ‘ಕಾಲರ್ ಸವೆದಿದೆ ಮೇಷ್ಟ್ರೇ’ ಅಂತ ಅವರು ಕನ್ನಡದಲ್ಲಿ ಹೇಳಿದ್ದಿದ್ದರೆ ಅಪ್ಪ ‘ಹೌದು ಸಾರ್, ತಿರುಗಿಸಿ ಹೊಲಿಸಿದೀನಿ’ ಅಂತಿದ್ದರು. ಮಾತು ಕಾಲರಿನಲ್ಲೇ ಮುಗಿಯುತ್ತಿತ್ತು. ಕನ್ನಡದಲ್ಲಿ ನೋಯಿಸುವ ಪದ ಇಲ್ಲ ಅಂತ ನಾನು ಹೇಳುತ್ತಿಲ್ಲ. ‘ಕಿತ್ತೋದ’, ‘ಚಿಂದಿ’, ‘ಗುಜರಿ’ ಇವನ್ನು ನಾವೂ ಜನರ ಮೇಲೆ ಎಸೆಯುತ್ತೇವೆ. ಆದರೆ ಸವೆದ, ನವೆದ, ಮಾಸಿದ, ಜೂಲು ಬಿಟ್ಟ, ಇವು ವಸ್ತುವಿನ ಹತ್ತಿರವೇ ಇರುತ್ತವೆ. ಅನುವಾದ ಮಾಡುವವರ ಕೈಯಲ್ಲಿ ಈ ಎರಡೂ ರಾಶಿ ಇವೆ. ಯಾವ ರಾಶಿಗೆ ಕೈ ಹಾಕುತ್ತೀರಿ ಅನ್ನೋದು ಬರೀ ಪದದ ಆಯ್ಕೆ ಅಲ್ಲ, ನೀವು ಆ ಮನುಷ್ಯರ ಎಷ್ಟು ಹತ್ತಿರ ನಿಂತಿದ್ದೀರಿ ಅನ್ನೋದೂ ಹೌದು.

ಹೋಟೆಲಿನ ಟ್ಯಾಟಿಗೆ ನಾನು ಇನ್ನೂ ಒಂದೇ ಪದ ಹುಡುಕಿಲ್ಲ, ಈಗ ಹುಡುಕೋದನ್ನು ಬಿಟ್ಟಿದ್ದೇನೆ. ಆ ಹೋಟೆಲಿಗೆ ಏನಾಗಿದೆ ಅಂತ ನೋಡುತ್ತೇನೆ. ಗೋಡೆ ಹಕ್ಕಳೆ ಎದ್ದಿದೆಯಾ, ಪರದೆ ಬಣ್ಣ ಮಾಸಿದೆಯಾ, ಕುರ್ಚಿಯ ಸ್ಪಂಜು ಹೊರಗೆ ಬಂದಿದೆಯಾ? ಅದರಲ್ಲಿ ಒಂದನ್ನು ಬರೆದರೆ ಓದುವವರು ಉಳಿದದ್ದನ್ನು ತಾವೇ ಕಾಣುತ್ತಾರೆ.

ಸ್ವೆಟರಿನ ಹುಡುಗಿಗೆ ಅಮ್ಮನ ಕಾಲೊರಸಿನ ಕಥೆ ಹೇಳಿದೆ. ಅವಳು ತುಂಬ ನಕ್ಕಳು, ಆಮೇಲೆ ಹಾಳೆ ತಗೊಂಡು ಹೋದಳು. ಮಾರನೇ ದಿನ ಬರೆದು ತಂದಳು: ‘ತೋಳಿನ ಅಂಚು ಜೂಲು ಬಿಟ್ಟ ಸ್ವೆಟರ್ ಹಾಕಿಕೊಂಡು ಮೇಷ್ಟ್ರು ಕೂತಿದ್ದರು.’ ಜೂಲು ಹಾಕುತ್ತಾಳೆ ಅಂತ ನನಗೆ ಗೊತ್ತಿತ್ತು. ಆದರೆ ನಾನು ಹೇಳದೇ ಇದ್ದ ಎರಡು ಬದಲಾವಣೆ ಅವಳೇ ಮಾಡಿದ್ದಳು. ‘ಮುದುಕ’ ಹೋಗಿ ‘ಮೇಷ್ಟ್ರು’ ಬಂದಿದ್ದರು. ‘ಕೂತಿದ್ದ’ ಹೋಗಿ ‘ಕೂತಿದ್ದರು’ ಆಗಿತ್ತು. ಇಂಗ್ಲಿಷ್‌ನಲ್ಲಿ ಅಲ್ಲಿ ಇರೋದು ಬರೀ ‘ಹೀ’. ಅವನು ಅಂತಲೂ ಆಗುತ್ತದೆ, ಅವರು ಅಂತಲೂ ಆಗುತ್ತದೆ. ‘ಯಾಕಮ್ಮ ಬದಲಾಯಿಸಿದೆ?’ ಅಂತ ಕೇಳಿದೆ. ‘ಹರಕು ಅಂತ ಬರೆದಾಗ ಕೂತಿದ್ದ ಅಂತಲೇ ಬಂತು ಮೇಡಂ’ ಅಂದಳು. ‘ಜೂಲು ಅಂತ ಬರೆದ ಮೇಲೆ ಕೂತಿದ್ದ ಅನ್ನೋಕೆ ಕೈ ಬರಲಿಲ್ಲ.’